ಅಮರಕ್ಕನ ಅರ್ಧ ಗುಳಿಗೆ

ಅಮರಕ್ಕನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದವಾಗಿತ್ತು. ಆ ಒಂಬತ್ತನ್ನು ವಾರಕ್ಕೊಮ್ಮೆ ಹಿತ್ತಲಿನ ಕಲ್ಲಿನ ಮೇಲೆ ಕೂತು ಬುಡಮಟ್ಟ ತೆಗೆಯುತ್ತಿದ್ದಳು. ಅದೊಂದಕ್ಕೆ ಮಾತ್ರ ಕತ್ತರಿ ತಾಗಿಸುತ್ತಿರಲಿಲ್ಲ. ಸುಣ್ಣ, ಅಡಿಕೆ, ಅರಿಸಿನ ಎಲ್ಲ ಹಿಡಿದು ಹುಣಸೆಬೀಜದ ಬಣ್ಣಕ್ಕೆ ತಿರುಗಿದ ಗಟ್ಟಿ ಉಗುರು. ಸಂಜೆಯ ಊಟ ಮುಗಿದು ತಾಟುಗಳೆಲ್ಲ ಬೋರಲು ಬಿದ್ದ ಮೇಲೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಸೊಂಟದ ಎಲೆಯಡಿಕೆ ಸಂಚಿಯಿಂದ ಒಂದು ಬಿಳಿ ಗುಳಿಗೆ ತೆಗೆದು, ಅದರ ನಡುವಿನ ಗೆರೆಗೆ ಆ ಉಗುರನ್ನು ಸರಿಯಾಗಿ ಕೂಡಿಸಿ ಒತ್ತುವಳು. ಟಿಕ್. ಎರಡು ಹೋಳು. ಒಂದು ಚೂರೂ ಪುಡಿ ಉದುರುತ್ತಿರಲಿಲ್ಲ.

ಒಂದು ಹೋಳು ನಾಲಗೆಯ ಮೇಲೆ. ಇನ್ನೊಂದು ಹಿತ್ತಾಳೆಯ ಸುಣ್ಣದ ಡಬ್ಬಿಯೊಳಗೆ. ಅದರಲ್ಲಿ ಸುಣ್ಣ ಇಟ್ಟು ಎಷ್ಟೋ ಕಾಲವಾಗಿತ್ತು. ಅರ್ಧ ಗುಳಿಗೆಗೆಂದೇ ಅದನ್ನು ಉಜ್ಜಿ ತೊಳೆದು ಇಟ್ಟುಕೊಂಡಿದ್ದಳು. ಆಮೇಲೆ ಅರ್ಧ ತಾಸು ನಮ್ಮ ಜೊತೆ ಮಾತಾಡುತ್ತ ಕೂರುವಳು. ಮಾತು ಎಲ್ಲೋ ಒಂದು ಕಡೆ ಸಡಿಲಾಗುತ್ತಿತ್ತು. ಆಗ ಕಂಬ ಹಿಡಿದು ಎದ್ದು, "ಹತ್ತಿತು ಬೇ, ಹೊಂಟೆ ನಾ" ಎನ್ನುವಳು. ಬಸ್ಸು ಹತ್ತಿದವರು ಹೇಳುವ ಹಾಗೆ.

ಅಮರಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ತವರು ಲಿಂಗಸುಗೂರು. ನಾನು ಮಸ್ಕಿಯವಳು, ಓದಿದ್ದು ರಾಯಚೂರಿನ ಒಂದು ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು. ಸಿಂಧನೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅವಳು ಆಗಲೇ ವಿಧವೆ. ಭತ್ತದ ವ್ಯಾಪಾರದ ಮನೆ ಇದು. ಹಿಂದೆಯೇ ಅಕ್ಕಿ ಗಿರಣಿ. ಒಣಹಾಕಿದ ಸೀರೆಯ ಮೇಲೆ ಮಧ್ಯಾಹ್ನದೊಳಗೆ ಹೊಟ್ಟಿನ ಧೂಳು ತೆಳ್ಳಗೆ ಕೂತಿರುತ್ತದೆ. ಬಂದ ಮೂರನೆಯ ದಿನ ಅಡುಗೆಮನೆಯಲ್ಲಿ ನಾನು, "ಅಕ್ಕಾರೀ, ಪ್ಲೀಸ್, ಉಪ್ಪಿನ ಡಬ್ಬಿ ಕೊಡ್ತೀರಾ?" ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಯವ್ವಾ, ಉಪ್ಪಿಗೂ ಅರ್ಜಿ ಹಾಕಾಕತ್ತೀಯಲ್ಲ! ಕೈ ಚಾಚಿ ತಗೋ. ಮತ್ತ ನನಗ ರೀ ಹಚ್ಚಬ್ಯಾಡ, ನಾನೇನು ಬ್ಯಾಂಕಿನ ಮ್ಯಾನೇಜರಾ? ನೀ ಅನ್ನು."

ಅಂದಿನಿಂದ, ಕಾನ್ವೆಂಟಿನ ಸನ್ಯಾಸಿನಿಯರ ಹಾಗೆ, ನನ್ನ ಹೆಸರು 'ಸಿಸ್ಟರ್' ಎಂದಾಯಿತು. ನನ್ನ ದನಿ ಮೇಲೇಳುವುದಿಲ್ಲ, ಬೆಕ್ಕಿಗೂ 'ಹೋಗಮ್ಮಾ' ಎನ್ನುತ್ತೇನೆ ಎಂದು ಓಣಿಯವರ ಮುಂದೆಲ್ಲ ಆಡಿ ತೋರಿಸುತ್ತಿದ್ದಳು. "ನಮ್ಮ ಸಿಸ್ಟರ್ ಹಾಲಿಗೆ ಥ್ಯಾಂಕ್ಯೂ ಅಂದು ಕಾಸ್ತಾಳ ನೋಡ್ರಿ, ಅದಕ್ಕಾ ಅದು ಉಕ್ಕಂಗಿಲ್ಲ." ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಇಬ್ಬರ ತಲೆಗೂ ಎಣ್ಣೆ ಒತ್ತಿದ್ದು ಅವಳೇ, ಅವರ ಜ್ವರಕ್ಕೆ ನನಗಿಂತ ಮೊದಲು ಎದ್ದು ಕೂತದ್ದೂ ಅವಳೇ. ಗಿರಣಿಯಿಂದ ಹೊಸ ಅಕ್ಕಿ ಬಂದರೆ ಒಂದು ಕಾಳು ಹಲ್ಲಿಗಿಟ್ಟು ಕಚ್ಚಿ ನೋಡುವಳು. "ಇದು ಜವಳಗೇರಾ ಕಡೀದು. ಇನ್ನಾ ಹಸಿ ಐತಿ, ಅನ್ನ ಮುದ್ದಿ ಆಗತೈತಿ." ಅವಳು ಹೇಳಿದ ಮೇಲೆ ಅನ್ನ ಮುದ್ದೆಯಾಗದೆ ಇದ್ದದ್ದು ನನಗೆ ನೆನಪಿಲ್ಲ.

ಭಾವನವರು ಹೋದದ್ದು ಅದೇ ಜವಳಗೇರಾ ರಸ್ತೆಯಲ್ಲಿ, ಭತ್ತದ ಟ್ರ್ಯಾಕ್ಟರ್ ಟ್ರಾಲಿ ಮಗುಚಿ. ಆಗ ಲಿಂಗಸುಗೂರಿನ ಒಬ್ಬ ವಯಸ್ಸಾದ ಡಾಕ್ಟರು ಅಮರಕ್ಕನಿಗೆ ನಿದ್ದೆಗೆಂದು ಡಯಾಜೆಪಾಮ್ ಬರೆದುಕೊಟ್ಟಿದ್ದರು. ಆ ಡಾಕ್ಟರೂ ಹೋಗಿ ಬಹಳ ವರ್ಷವಾಗಿತ್ತು. ಅವರ ಚೀಟಿಯನ್ನು ಮಾತ್ರ ಅಮರಕ್ಕ ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಕಿಸಿ, ಆಧಾರ್ ಕಾರ್ಡಿನ ಜೊತೆ ಸಂಚಿಯಲ್ಲಿ ಇಟ್ಟುಕೊಂಡಿದ್ದಳು. ಯಾವ ಅಂಗಡಿಯವನು ಹಿಂದುಮುಂದು ನೋಡಿದರೂ ಅದನ್ನು ಗಾಜಿನ ಮೇಲೆ ಟಪ್ಪೆಂದು ಇಡುವಳು: "ನೋಡಪಾ, ಸತ್ತವ್ರು ಬರದದ್ದು ಸುಳ್ಳು ಇರತೈತೇನು?"

ಒಮ್ಮೆ ಆ ಚೀಟಿಯನ್ನು ನಾನು ಕೈಯಲ್ಲಿ ಹಿಡಿದು ಓದಿದ್ದೆ. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಗುಳಿಗೆಯ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ, ಸಣ್ಣದಾಗಿ, 'ಹದಿನೈದು ದಿನ' ಎಂದು ಬರೆದಿತ್ತು. ಓದಿ, ಮಡಚಲಿಕ್ಕೆ ಬಾರದ ಆ ಪ್ಲಾಸ್ಟಿಕ್ ಚೀಟಿಯನ್ನು ಹಾಗೆಯೇ ಮರಳಿ ಕೊಟ್ಟೆ. ಹೊಸ ಸೊಸೆ, ಏನು ಹೇಳಲಿ? ಅವಳು ನಕ್ಕು ಮಾತಾಡುತ್ತಿದ್ದಳು, ಮನೆ ನಡೆಸುತ್ತಿದ್ದಳು, ಮಲಗಿ ಏಳುತ್ತಿದ್ದಳು. ಅದೇ ಸಾಕೆನಿಸಿತ್ತು ನನಗೆ.

ಅರ್ಧ ಇದ್ದದ್ದು ಯಾವಾಗ ಒಂದಾಯಿತೋ, ಒಂದು ಯಾವಾಗ ಒಂದೂವರೆ ಆಯಿತೋ ನನಗೆ ತಿಳಿಯಲಿಲ್ಲ. ಟಿಕ್ ಎನ್ನುವ ಸದ್ದು ಅಷ್ಟೇ ಇತ್ತು, ಒಂದು ದಿನ ಬಿಟ್ಟು ಒಂದು ದಿನ. ಆದರೆ ನನಗೆ ಸಣ್ಣಸಣ್ಣವು ಕಣ್ಣಿಗೆ ಬೀಳುತ್ತವೆ, ಅದೊಂದು ಸ್ವಭಾವ. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಅವಳ ಎಡಗೈ ಗೋಡೆಯನ್ನು ಸವರಿಕೊಂಡು ಬರಲು ಶುರುವಾಗಿತ್ತು. ಸುಣ್ಣದ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಮಾಸಲು ಪಟ್ಟಿ ಮೂಡಿತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಬೆಳಗಿನ ಚಹಾದ ಹೊತ್ತಿಗೆ ಅವಳ ಮಾತಿನ ಅಂಚು ಒದ್ದೆ ಬಟ್ಟೆಯ ಹಾಗೆ ಜೋತಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವಳ ಹಣೆ. ಲಿಂಗಪೂಜೆ ಮುಗಿಸಿ ಅವಳು ಎಳೆದುಕೊಳ್ಳುತ್ತಿದ್ದ ಮೂರು ಬೆರಳಿನ ವಿಭೂತಿ ಸ್ಕೇಲು ಇಟ್ಟು ಎಳೆದಂತೆ ಇರುತ್ತಿತ್ತು. ಅದು ಬಲಕ್ಕೆ ಇಳಿಯಲು ಹತ್ತಿತು. ಮೂರೂ ಗೆರೆಗಳು ಒಟ್ಟಿಗೆ, ಗಾಳಿಗೆ ಬಾಗಿದ ಪೈರಿನ ಹಾಗೆ. ಕನ್ನಡಿ ನೋಡಿದರೂ ಅವಳಿಗೆ ಅದು ಕಾಣುತ್ತಿರಲಿಲ್ಲ. ನಾನು ಹೇಳಲಿಲ್ಲ.

ಕಳೆದ ವರ್ಷ ಆಷಾಢದಲ್ಲಿ ಊರಿನ ಅಂಗಡಿಗಳಲ್ಲಿ ಆ ಗುಳಿಗೆ ಸಿಗದೆ, ನಮ್ಮವರು ರಾಯಚೂರಿಗೆ ಹೋದಾಗ ಅಲ್ಲಿಂದ ಒಂದು ಇಡೀ ಡಬ್ಬಿ ತಂದರು. ಯಾವಾಗಲೂ ಕತ್ತರಿಸಿದ ಪಟ್ಟಿಗಳೇ ಬರುತ್ತಿದ್ದ ಮನೆಗೆ ಮೊದಲ ಸಲ ಡಬ್ಬಿಯೊಳಗಿನ ಕಾಗದ ಬಂತು. ಬಿಡಿಸಿದರೆ ನನ್ನ ತೊಡೆ ಮುಚ್ಚುವಷ್ಟು ದೊಡ್ಡದು, ಇರುವೆ ಸಾಲಿನಂಥ ಇಂಗ್ಲಿಷು. ಅಮರಕ್ಕ ಹತ್ತಿರ ಸರಿದು ಕೂತಳು.

"ಓದು ಸಿಸ್ಟರ್. ನೀ ಕಾನ್ವೆಂಟ್ ಓದಿದಾಕಿ. ಏನೇನು ಬರದಾರ ನೋಡೋಣು ನನ್ನ ಜಾತಕ."

ನನಗೂ ಹುಮ್ಮಸ್ಸು ಬಂತು. ಒಂದೊಂದು ಸಾಲು ಓದಿ, ಕನ್ನಡ ಮಾಡಿ ಹೇಳತೊಡಗಿದೆ. ನಿದ್ರೆ, ಭಯ, ಸ್ನಾಯು ಸಡಿಲು. "ಹೌದೌದು," ಎಂದು ತಲೆಯಾಡಿಸಿದಳು. ಆಮೇಲೆ 'ಹಾಫ್ ಲೈಫ್' ಎಂಬ ಮಾತು ಬಂತು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಎಲ್ಲೋ ಓದಿದ ನೆನಪು, ಅರ್ಥ ನೆನಪಿಲ್ಲ. ಪದಕ್ಕೆ ಪದ ಇಟ್ಟೆ.

"ಅರ್ಧ ಆಯುಷ್ಯ ನಲವತ್ತೆಂಟು ತಾಸು ಅಂತ ಐತಿ ಅಕ್ಕಾ. ವಯಸ್ಸಾದವರಿಗೆ ಇನ್ನೂ ಹೆಚ್ಚು."

ಅವಳು ಮೊದಲು ಜೋರಾಗಿ ನಕ್ಕಳು. "ಹಂಗಾರ ನಾ ಸತ್ತು ಎಷ್ಟು ವರ್ಷ ಆತು ಬೇ! ನಿನ್ನ ಮುಂದ ಕುಂತಾಕಿ ದೆವ್ವೇನು?" ನಾನೂ ನಕ್ಕೆ. ಆಮೇಲೆ ಅವಳ ನಗು ಇದ್ದಲ್ಲೇ ನಿಂತಿತು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಗಂಡಗ ದೇವ್ರು ಅರ್ಧ ಆಯುಷ್ಯ ಕೊಟ್ಟ. ನನ್ನದು ಈ ಗುಳಗಿ ತಿನ್ನಾಕತ್ತೈತೇನು?"

ಹಾಗಲ್ಲ ಎಂದು ನನಗೆ ಅನಿಸಿತು. ಮತ್ತೆ ಹೇಗೆ ಎಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಒಳಗೆ ಹಾಲು ಉಕ್ಕುವ ಸದ್ದು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ, ಮಸಾಲೆ ಡಬ್ಬಿಗಳ ಹಿಂದೆ ತುರುಕಿ ಒಲೆಯ ಕಡೆ ಓಡಿದೆ. ಕೆಳಗಿನ ಎರಡು ಮಡಿಕೆ ಬಿಚ್ಚಿಯೇ ಇರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಮಸ್ಕಿ ಬೆಟ್ಟದ ಮಲ್ಲಯ್ಯನಿಗೆ ಹೋಗುವುದು ಅವಳ ಪದ್ಧತಿ. ಆ ಸಲ ನನ್ನನ್ನೂ ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತುವಾಗ ನಾಲ್ಕು ಕಡೆ ಕೂತಳು. ಮೇಲೆ, ಕಾಯಿ ಒಡೆಸಿಕೊಂಡು ಬಂದ ಮೇಲೆ, ಸಂಚಿ ಬಿಚ್ಚಿ ರಾಯಚೂರಿನಿಂದ ತಂದ ಡಬ್ಬಿಯಲ್ಲಿ ಉಳಿದಿದ್ದ ಗುಳಿಗೆ ಪಟ್ಟಿಗಳನ್ನೆಲ್ಲ ತೆಗೆದು, ಅವುಗಳ ಮೇಲೆ ಆ ಪ್ಲಾಸ್ಟಿಕ್ ಚೀಟಿಯನ್ನೂ ಇಟ್ಟು, ಹೊರಗಿನ ಕಲ್ಲಿನ ನಂದಿಯ ಮುಂದೆ ಕುಂಕುಮ ಏರಿಸಿ ಕೈಮುಗಿದಳು.

"ಏನಕ್ಕಾ ಇದು?"

"ಬಿಟ್ಟೆ ಬೇ. ಕೆಲವ್ರು ಬದನಿಕಾಯಿ ಬಿಡತಾರ, ಕೆಲವ್ರು ಬಾಳಿಹಣ್ಣು. ನಾ ಇದನ್ನ ಮಲ್ಲಯ್ಯಗ ಬಿಟ್ಟೆ. ಪಾಪ, ಅವಗರ ನಿದ್ದಿ ಎಲ್ಲಿ ಐತಿ, ಬಂದವ್ರೆಲ್ಲಾ ಗಂಟಿ ಹೊಡಿತಾರ. ತಗೊಂಡು ಮಲಗ್ಲಿ."

ಹಿಂದೆ ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನಾನೂ. ಹೊರಡುವ ಮುಂಚೆ ಅವಳು ಸುಣ್ಣದ ಡಬ್ಬಿ ತೆಗೆದು ನೋಡಿ, ಒಂದು ಗಳಿಗೆ ಯೋಚಿಸಿ, ಮತ್ತೆ ಮುಚ್ಚಿ ಸಂಚಿಗೆ ಹಾಕಿಕೊಂಡಳು. "ಒಡದದ್ದು ದೇವ್ರಿಗೆ ನಡಿಯಂಗಿಲ್ಲ" ಎಂದಳು, ನನಗೋ ತನಗೋ. ಮೆಟ್ಟಿಲು ಇಳಿಯುವಾಗ ಅವಳ ಕೈ ನನ್ನ ಭುಜದ ಮೇಲಿತ್ತು. ನನ್ನ ಗಮನವೆಲ್ಲ ಅವಳ ಪಾದದ ಮೇಲೆ.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಮೈ ತಣ್ಣಗಾಗುತ್ತದೆ. ಅಷ್ಟು ಚೆನ್ನಾಗಿದ್ದವು ಅವು. ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಅವಳು ಬೆಳಿಗ್ಗೆ ಗೋಡೆ ಮುಟ್ಟದೆ ಪಡಸಾಲೆ ದಾಟಿ ಬಂದದ್ದನ್ನು ನೋಡಿದೆ. ಮಾತಿನ ಅಂಚು ಒಣಗಿ ಗರಿಗರಿಯಾಗಿತ್ತು. ನಮ್ಮವರ ಅಂಗಿಯ ಗುಂಡಿ ತಪ್ಪಿದ್ದನ್ನು ಆ ತುದಿಯಿಂದಲೇ ಹಿಡಿದಳು. ಹಣೆಯ ವಿಭೂತಿ ನೆಟ್ಟಗಾಗಿತ್ತು. "ಸುಮ್ಮನ ಇಷ್ಟು ವರ್ಷ ತಿಂದೆ ನೋಡು. ಮನಸ ಮಾಡಿದ್ರ ಏನೂ ಇಲ್ಲ," ಎಂದಳು.

ಗುರುವಾರ ಪಂಚಮಿ. ಹಿತ್ತಲಿನ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿತ್ತು. ನಾಗಪ್ಪನಿಗೆ ಹಾಲೆರೆದು ಬಂದ ಓಣಿಯ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಜೀಕುತ್ತಿದ್ದರು. ಅರವತ್ತರ ಹತ್ತಿರದ ಅಮರಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ಮೇಲೆ ನಿಂತೇ ಬಿಟ್ಟಳು.

"ಏ ಇಳಿ ಬೇ ಅಮರವ್ವ, ಹಗ್ಗ ಹರದೀತು!" ಎಂದು ಪಕ್ಕದ ಮನೆಯ ಮುದುಕಿ ಕೂಗಿದಳು.

"ಹಗ್ಗ ನಿನಗ ಹರಿತೈತಿ, ಎರಡು ಚೀಲ ಭತ್ತ ಇದ್ದಂಗ ಇದ್ದಿ! ನೋಡ್ರೇ, ಗುಳಗಿ ಬಿಟ್ಟಾಕಿ ಹ್ಯಾಂಗ ಜೀಕಾಕತ್ತೀನಿ!"

ಮೇಲೆ ಹೋದಾಗ ಬೇವಿನ ಎಲೆ ಅವಳ ತಲೆಗೆ ತಾಗುತ್ತಿತ್ತು. ಎಲ್ಲರೂ ಚಪ್ಪಾಳೆ ಹೊಡೆದೆವು. ಜೋಕಾಲಿ ನಿಂತ ಮೇಲೆ ಅವಳು ಇಳಿದು, "ಬಿಸಲು ಭಾಳ ಚುಚ್ಚತೈತಿ ಇವತ್ತು" ಎಂದು ಕಣ್ಣಿಗೆ ಕೈ ಮರೆ ಮಾಡಿಕೊಂಡಳು. ಮೋಡ ಕವಿದ ದಿನ ಅದು. ನಾನು ಗಮನಿಸಿದೆ, ಮತ್ತು ಅಷ್ಟಕ್ಕೇ ಬಿಟ್ಟೆ.

ಶುಕ್ರವಾರ ಪಂಚಮಿಯ ಉಂಡಿಗಳ ಡಬ್ಬಿ ಹಿಡಿದು ತವರಿಗೆ ಹೋದೆ. ಮಸ್ಕಿಯಲ್ಲಿ ನಮ್ಮಪ್ಪನ ಬಟ್ಟೆ ಅಂಗಡಿಯ ಪಕ್ಕದಲ್ಲೇ ಮಹಬೂಬ್ ಚಾಚಾನ ಔಷಧಿ ಅಂಗಡಿ. ಕನ್ನಡಕವನ್ನು ಹಣೆಗೇರಿಸಿ ಪ್ರತಿ ಚೀಟಿಯನ್ನೂ ಎರಡು ಸಲ ಓದುವ ಮನುಷ್ಯ. ಅರ್ಥವಾಗದಿದ್ದರೆ ಗಿರಾಕಿಯನ್ನೇ ನಿಲ್ಲಿಸಿಕೊಂಡು ಡಾಕ್ಟರಿಗೆ ಫೋನ್ ಮಾಡುವವರು. ಅವರಿಗೆ ಎರಡು ಶೇಂಗಾ ಉಂಡಿ ಕೊಟ್ಟು, ಹೆಮ್ಮೆಯಿಂದ ಅಮರಕ್ಕನ ಸುದ್ದಿ ಹೇಳಿದೆ. ಉಂಡಿ ಅವರ ಬಾಯಿಯ ಹತ್ತಿರವೇ ನಿಂತಿತು.

"ಯಾವ ಗುಳಗಿ ಅಂದಿ ಬೇಟಿ?"

ಹೇಳಿದೆ.

"ಎಷ್ಟು ವರ್ಷದಿಂದ?"

"ನಾ ಬರೂಕಿಂತ ಮೊದಲಿಂದ ಚಾಚಾ. ಸೋಮವಾರ ಬಿಟ್ಟಾಳ. ಇವತ್ತಿಗೆ ಐದು ದಿನ, ಒಂಚೂರೂ ತ್ರಾಸ ಇಲ್ಲ. ನಿನ್ನೆ ಜೋಕಾಲಿ ಆಡಿದ್ಲು."

ಚಾಚಾ ಉಂಡಿಯನ್ನು ಕಾಗದದ ಮೇಲಿಟ್ಟು ಕೈ ಒರೆಸಿಕೊಂಡರು. "ಅವರು ಬಿಟ್ಟಾರ ಬೇಟಿ. ಅದಿನ್ನೂ ಅವರನ್ನ ಬಿಟ್ಟಿಲ್ಲ."

ಅವರು ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿದರು.

"ನೋಡು, ನಿದ್ದಿ ಗುಳಗಿಯೊಳಗ ಎರಡು ನಮೂನಿ ಅವ. ಕೆಲವು ನಮ್ಮ ಮಸ್ಕಿ ಹೊಲ ಇದ್ದಂಗ. ನೀರು ಬಿದ್ರ ಬಿತ್ತು, ಎರಡು ದಿನಕ್ಕ ಒಣಗಿತು. ಅಂಥಾದು ಬಿಟ್ರ ಮರುದಿನಾನ ಗೊತ್ತಾಗತದ. ಇದು ನಿಮ್ಮ ಸಿಂಧನೂರು ಗದ್ದಿ. ಕಾಲುವಿ ಬಂದ್ ಆದ ದಿನಾನ ಗದ್ದಿ ಒಣಗತದೇನು? ವಾರಗಟ್ಟಲೆ ಕೆಸರು ಇರತದ. ಇವತ್ತಿನ ಗುಳಗಿ ಅರ್ಧ ಹೋಗೂದ್ರಾಗ ನಾಳೀದು ಬಂದು ಕೂಡತದ, ಅದರ ಮ್ಯಾಲೆ ನಾಡಿದ್ದಿಂದು. ಸಾಲದ್ದಕ್ಕ ಇದು ಹೊಟ್ಟಿಯೊಳಗ ಕರಗಿ ಹೋಗೂಮುಂದ ತನ್ನ ತಮ್ಮನ್ನ ಹುಟ್ಟಿಸಿ ಹೋಗತದ. ಲಿವರ್‌ದಾಗ ಆಗೂ ಕೆಲಸ ಅದು. ಅವನೂ ಅದಾ ಕೆಲಸ ಮಾಡವ, ಅಣ್ಣಗಿಂತ ಹೆಚ್ಚು ದಿನ ಕುಂದ್ರವ. ವಯಸ್ಸಾದವರೊಳಗ ಇನ್ನೂ ನಿಧಾನ."

"ಹಂಗಾರ ಈಗ ಅಕ್ಕ ಚೊಲೋ ಇರೂದು...?"

"ಕೆಸರಿನ ಮ್ಯಾಲೆ ನಿಂತಾರ. ಎಷ್ಟು ಬೇಕೋ ಅಷ್ಟಕ್ಕ ಇಳದದ, ಅದಕ್ಕ ಚುರುಕಾಗ್ಯಾರ. ಅದು ಪೂರಾ ಒಣಗಿ ಬಿರುಕು ಬಿಡೂ ದಿನ ಇನ್ನಾ ಮುಂದದ. ಕೈ ನಡುಗತದ, ಬೆಳಕು, ಸಪ್ಪಳ ತಡಿಯಂಗಿಲ್ಲ. ಫಿಟ್ಸ್ ಬರಬೌದು, ಜೀವಕ್ಕ ಬರಬೌದು." ಅವರ ದನಿ ತಗ್ಗಿತು. "ಗುಳಗಿ ಹತ್ತೂದು ಎಲ್ಲಾರೂ ನೋಡತಾರ. ಇಳಿಯೂದು ಯಾರೂ ನೋಡಂಗಿಲ್ಲ. ಇವತ್ತಾ ಡಾಕ್ಟರ್ ಹತ್ರ ಕರಕೊಂಡು ಹೋಗು. ಅದನ್ನಾ ಮತ್ತ ಚಾಲು ಮಾಡಿ, ಚೂರುಚೂರು ಕಡಿಮಿ ಮಾಡ್ತಾ ತಿಂಗಳುಗಟ್ಟಲೆ ಬಿಡಿಸ್ತಾರ. ಒಮ್ಮಿಗಲೇ ಕಿತ್ತೂದಲ್ಲ ಅದು."

"ನೀವಾ ನಾಕು ಗುಳಗಿ ಕೊಡ್ರಿ ಚಾಚಾ."

"ಚೀಟಿ ಇಲ್ದ ಕೊಡೂದು ಶುರು ಆಗಿದ್ದಕ್ಕಾ ಇಲ್ಲಿಗೆ ಬಂದು ನಿಂತದ ಬೇಟಿ. ಹೋಗು, ಬಸ್ ಹಿಡಿ."

ತವರಿನ ಊಟ ಬಿಟ್ಟು ಮುಂದಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿಂದಲೇ ಫೋನ್ ಮಾಡಿ ಹೇಳಿದರೆ ಅಮರಕ್ಕ, "ಮಲ್ಲಯ್ಯಗ ಕೊಟ್ಟದ್ದು ತಿರುಗಿ ಬೇಡಲೇನು? ಉಂಡು ಬಾ ಸುಮ್ಮನ" ಎಂದು ಇಟ್ಟುಬಿಟ್ಟಳು. ಮನೆ ಮುಟ್ಟಿದವಳೇ ಮಸಾಲೆ ಡಬ್ಬಿಗಳ ಹಿಂದಿನಿಂದ ಆ ಕಾಗದ ತೆಗೆದೆ. ಮೂಲೆಗೆ ಅರಿಸಿನ ಹತ್ತಿತ್ತು. ನಾನು ಬಿಚ್ಚದೆ ಬಿಟ್ಟಿದ್ದ ಮಡಿಕೆಯಲ್ಲಿ, ಉಳಿದ ಅಕ್ಷರಗಳಿಗಿಂತ ದಪ್ಪವಾಗಿ, ಇದನ್ನು ಒಮ್ಮೆಲೇ ನಿಲ್ಲಿಸಬಾರದು ಎಂದು ಅಚ್ಚಾಗಿತ್ತು.

ಶನಿವಾರ ತಾಟು ಜೋಡಿಸುವ ಸದ್ದಿಗೆ ಅವಳು ಕಿವಿ ಮುಚ್ಚಿಕೊಂಡಳು. ಕುತ್ತಿಗೆಯ ಮೇಲೆ ಇರುವೆ ಹರಿಯುತ್ತಿದೆ ಎಂದು ಮತ್ತೆ ಮತ್ತೆ ಒರೆಸಿಕೊಂಡಳು. ಇರುವೆ ಇರಲಿಲ್ಲ. ನಾನು ಎದುರಿಗೆ ಕೂತು ಅವಳ ಕೈ ಹಿಡಿದೆ. ಬೆರಳ ತುದಿ ಸಣ್ಣಗೆ ನಡುಗುತ್ತಿತ್ತು, ಗಿರಣಿ ನಡೆಯುವಾಗ ನಮ್ಮ ಕಿಟಕಿಯ ಗಾಜು ನಡುಗುವ ಹಾಗೆ.

"ಅಕ್ಕಾ, ಅವತ್ತು ನಾ ತಪ್ಪು ಓದಿದೆ. ಅರ್ಧ ಆಯುಷ್ಯ ನಿಂದಲ್ಲ. ಗುಳಗಿದು."

"ಗುಳಗಿ ಹಣಿಮ್ಯಾಲೂ ಬರದಾನೇನು ಬ್ರಹ್ಮ?"

"ಮೈಯಾಗ ಬಂದದ್ದರಾಗ ಅರ್ಧ ಹೋಗಾಕ ಎಷ್ಟು ತಾಸು ಹಿಡಿತೈತಿ ಅನ್ನೂ ಲೆಕ್ಕ ಅದು."

"ಉಳಿದರ್ಧ?"

"ಮತ್ತ ಅಷ್ಟು ಹೊತ್ತಿಗೆ ಅದರಾಗಿನ ಅರ್ಧ."

"ಅದರಾಗ ಉಳಿದದ್ದು?"

"ಅದರಾಗೂ ಅರ್ಧ."

ಅವಳು ನನ್ನ ಮುಖವನ್ನೇ ನೋಡಿದಳು. "ಹಂಗಾರ ಅದು ಎಂದೂ ಪೂರಾ ಹೋಗಂಗಿಲ್ಲ ಅನ್ನು. ಒಂದು ಚೂರು ಉಳಿತೈತಿ." ಆಮೇಲೆ, "ಮನಷ್ಯಾರು ಇದ್ದಂಗ" ಎಂದಳು.

ನಾನು ಬೇಡಿಕೊಂಡೆ. ನಮ್ಮವರು ಗದರಿದರು, ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಅವಳು ಕಂಬ ಬಿಡಲಿಲ್ಲ. ಕಡೆಗೆ ಒಂದು ಮಾತಿಗೆ ಬಂದಳು: "ಇನ್ನೊಂದು ಸೋಮವಾರ ಮುಗೀಲಿ. ಹರಕಿ ಹೊತ್ತು ಎಂಟು ದಿನ ತುಂಬಲಿಲ್ಲಂದ್ರ ಹ್ಯಾಂಗ? ಮಂಗಳವಾರ ನೀ ಎಲ್ಲಿ ಕರಿತೀ ಅಲ್ಲಿಗೆ ಬರತೀನಿ, ಸಿಸ್ಟರ್ ಆಣಿ." ತನ್ನ ಮಾತಿಗೆ ತಾನೇ ನಗಲು ನೋಡಿದಳು, ತುಟಿ ಜೊತೆಗೆ ಬರಲಿಲ್ಲ. ಆಗ ನಾನು ಕೂಗಬೇಕಿತ್ತು. ಕೈ ಹಿಡಿದು ಎಳೆಯಬೇಕಿತ್ತು. "ಪ್ಲೀಸ್ ಅಕ್ಕಾ" ಎಂದೆ. ಅಷ್ಟೇ. ಮಂಗಳವಾರಕ್ಕೆ ನಡುವೆ ಎರಡೇ ದಿನ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಅವಳು ಸ್ನಾನ ಮಾಡಿ ಪೂಜೆಗೆ ಕೂತಳು. ಭಾನುವಾರ ರಾತ್ರಿಯೆಲ್ಲ ಮಲಗಿರಲಿಲ್ಲ. ಕಣ್ಣು ಒಳಗೆ ಹೋಗಿದ್ದವು. ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡಾಗ ಕೈ ಕುಣಿಯತೊಡಗಿತು. ಎಷ್ಟೋ ವರ್ಷ ಆ ಅಂಗೈಯನ್ನು ನಾನು ನೋಡಿದ್ದೇನೆ, ಕಲ್ಲಿನಲ್ಲಿ ಕಡೆದ ಹಾಗೆ ನಿಲ್ಲುತ್ತಿತ್ತು. ಅಂದು ಬಿಲ್ವದ ಎಲೆ ನಿಲ್ಲದೆ ಜಾರಿತು. ಲಿಂಗವೂ ಅಂಚಿನ ಕಡೆ ಸರಿಯಿತು. ಅವಳು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸಿಸ್ಟರ್, ಬಾ ಇಲ್ಲೆ. ನನ್ನ ಕೈ ಹಿಡಿ. ಕೆಡವಿಗಿಡವೀನಿ."

ನಾನು ಅವಳ ಅಂಗೈಯ ಕೆಳಗೆ ನನ್ನ ಎರಡೂ ಕೈ ಕೊಟ್ಟು ಕೂತೆ. ನನ್ನ ಮೊಣಕೈವರೆಗೂ ಅವಳ ನಡುಕ ಬರುತ್ತಿತ್ತು. ಹಾಗೆಯೇ ಪೂಜೆ ಮುಗಿಸಿದಳು, ಒಂದು ಮಂತ್ರವನ್ನೂ ಬಿಡಲಿಲ್ಲ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡು ಗಂಟು ಬಿಗಿಯಿತೇ ಎಂದು ಎರಡು ಸಲ ಎಳೆದು ನೋಡಿದಳು. ವಿಭೂತಿ ಎಳೆದುಕೊಂಡಳು. ಮೂರು ಗೆರೆಗಳಲ್ಲಿ ಒಂದೂ ಗೆರೆಯಾಗಿರಲಿಲ್ಲ, ಹಣೆ ತುಂಬ ಚುಕ್ಕೆ. "ಸಮ ಅದಾವೇನು?" ಎಂದು ಕೇಳಿದಳು. "ಹೂಂ ಅಕ್ಕಾ" ಎಂದೆ.

ಅವಳು ಎದ್ದಳು. ಎರಡು ಹೆಜ್ಜೆ. ಆಮೇಲೆ ಮೈ ಬಿಲ್ಲಿನಂತೆ ಸೆಟೆದು ಹಿಂದಕ್ಕೆ ಬಿದ್ದಳು. ದೇವರಮನೆಯ ಕಲ್ಲಿನ ಹೊಸ್ತಿಲಿಗೆ ತಲೆ ಬಡಿಯಿತು. ನಾನು ಎರಡೇ ಹೆಜ್ಜೆ ಹಿಂದಿದ್ದೆ.

ಸಿಂಧನೂರಿನ ಆಸ್ಪತ್ರೆ ಮುಟ್ಟುವವರೆಗೂ ಸೆಳೆತ ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ನರ್ಸ್ ಔಷಧಿಯ ಒಂದು ಚಿಕ್ಕ ಗಾಜಿನ ಶೀಶೆಯ ಕುತ್ತಿಗೆ ಮುರಿದಳು. ಟಿಕ್. ನಾನು ಬೆಚ್ಚಿ ನೋಡಿದೆ. ಸೂಜಿಯೊಳಗೆ ನೀರಿನಂಥ ಔಷಧಿ ಏರಿತು. ಕಸದ ತಟ್ಟೆಗೆ ಬಿದ್ದ ಗಾಜಿನ ಮೇಲಿನ ಹೆಸರು ಓದಿದೆ. ಡಯಾಜೆಪಾಮ್. ಮಲ್ಲಯ್ಯನ ಮುಂದೆ ಬಿಟ್ಟು ಬಂದದ್ದು ರಕ್ತದ ನಾಳದೊಳಗೆ ವಾಪಸ್ಸು ಬರುತ್ತಿತ್ತು. ಒಂದೆರಡು ನಿಮಿಷದಲ್ಲಿ ಸೆಳೆತ ನಿಂತಿತು. ಬಿಗಿದ ದವಡೆ ಸಡಿಲಾಯಿತು. ಅವಳು ಕಣ್ಣು ಅರೆ ತೆರೆದು, ನನ್ನನ್ನು ಹುಡುಕಿ, ಬಹಳ ದಿನದ ಮೇಲೆ ಸಿಕ್ಕವರನ್ನು ನೋಡುವ ಹಾಗೆ ನೋಡಿದಳು.

"ಹತ್ತಿತು ಬೇ," ಎಂದಳು.

'ಹೊಂಟೆ ನಾ' ಎನ್ನಲಿಲ್ಲ. ತಲೆಯೊಳಗೆ ರಕ್ತ ಸುರಿದಿದೆ ಎಂದು ಅಲ್ಲಿಂದ ರಾಯಚೂರಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ನಾನು ತೋರಿಸಿದ ಕಾಗದವನ್ನು ನೋಡಿ, "ಒಂದು ವಾರ ಮೊದಲು ಕರೆತರಬೇಕಿತ್ತಮ್ಮಾ" ಎಂದರು, ಬಯ್ಯದೆ. ಬೈದಿದ್ದರೆ ಚೆನ್ನಾಗಿತ್ತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಅಮರಕ್ಕ ಹೋದಳು, ಮತ್ತೆ ಕಣ್ಣು ತೆರೆಯದೆ. ಹಣೆಯ ಮೇಲಿನ ಆ ಚುಕ್ಕೆಗಳನ್ನು ಯಾರೋ ಒರೆಸಿದ್ದರು. ಮನೆಗೆ ತಂದ ಮೇಲೆ ನಾನೇ ಮೂರು ಗೆರೆ ಎಳೆದೆ. ನನ್ನ ಕೈಗೂ ನೆಟ್ಟಗೆ ಬರಲಿಲ್ಲ.

ಮಹಬೂಬ್ ಚಾಚಾ ಮಣ್ಣಿಗೆ ಬಂದಿದ್ದರು. ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ ಕನ್ನಡಕ ಒರೆಸಿಕೊಂಡು ಹೋದರು.

ಗಣಾರಾಧನೆ ಮುಗಿದ ಮೇಲೆ ಅವಳ ಸೀರೆಗಳನ್ನು ಬೇಕಾದವರಿಗೆ ಕೊಟ್ಟೆವು. ಸಂಚಿಯನ್ನು ನಾನು ಇಟ್ಟುಕೊಂಡೆ. ಆಸ್ಪತ್ರೆಗೆ ಒಯ್ದಾಗಲೂ ಅದು ಅವಳ ಸೊಂಟದಲ್ಲೇ ಇತ್ತು. ನರ್ಸ್ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಒಂದು ದಿನ ಮಧ್ಯಾಹ್ನ ಗಿರಣಿ ನಿಂತು ಓಣಿ ಸುಮ್ಮನಾದಾಗ ಅದನ್ನು ತೊಡೆಯ ಮೇಲೆ ಬಿಚ್ಚಿದೆ. ಒಣಗಿದ ಎರಡು ಎಲೆ, ಅಡಿಕೆ ಚೂರು, ಆಧಾರ್ ಕಾರ್ಡು, ಮಲ್ಲಯ್ಯನ ಕುಂಕುಮದ ಪೊಟ್ಟಣ. ಸುಣ್ಣದ ಡಬ್ಬಿ. ಅದನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಳಗೆ ಏನೋ ಹೊರಳಿತು. ಆಗ ನೆನಪಾಯಿತು ನನಗೆ ಬೆಟ್ಟದ ಮೇಲಿನ ಮಾತು.

ಒಡೆದದ್ದು ದೇವರಿಗೆ ನಡೆಯುವುದಿಲ್ಲವೆಂದು ಅವಳು ಅದನ್ನು ಮಲ್ಲಯ್ಯನಿಗೆ ಕೊಡಲಿಲ್ಲ. ಬಿಟ್ಟಿದ್ದೇನೆಂದು ತಾನೂ ತಿನ್ನಲಿಲ್ಲ. ಕೈ ನಡುಗಿದ ದಿನವೂ, ಇರುವೆ ಹರಿದ ದಿನವೂ, ನಿದ್ದೆಯಿಲ್ಲದ ಆ ಭಾನುವಾರವೂ ಅದು ಅವಳ ಸೊಂಟದಲ್ಲೇ ಇತ್ತು, ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಮರೆತಿದ್ದೆ, ಅಷ್ಟೇ.

ಮುಚ್ಚಳ ತೆಗೆದೆ. ಶ್ರಾವಣದ ಹಸಿಗೆ ಗುಳಿಗೆಯ ದುಂಡನೆಯ ಬದಿ ಮೆತ್ತಗಾಗಿ ಹಿತ್ತಾಳೆಗೆ ಅಂಟಿಕೊಂಡಿತ್ತು. ಒಡೆದ ಬದಿ ಮಾತ್ರ ಹಾಗೇ ನೆಟ್ಟಗೆ, ಸ್ಕೇಲು ಇಟ್ಟು ಎಳೆದಂತೆ, ನಡುವೆ ಅವಳ ಉಗುರು ಊರಿದ ಒಂದು ಸಣ್ಣ ಗುರುತು.